ನಂಬ್ರ ಇರಲಿ

ಹೊಸ ಊರಿಗೆ ಹೋದರೆ ಕೆಲವರು ದೇವಸ್ಥಾನ ಎಲ್ಲಿ ಎಂದು ಕೇಳುತ್ತಾರೆ, ಕೆಲವರು ಒಳ್ಳೆಯ ಹೋಟೆಲು ಎಲ್ಲಿ ಎಂದು ಕೇಳುತ್ತಾರೆ. ನಾನು ಪಂಚಾಯತು ಆಫೀಸು ಎಲ್ಲಿ ಎಂದು ಕೇಳುವವನು. ಮೂವತ್ತಾರು ವರ್ಷ ಅದೇ ಅನ್ನ ಉಂಡದ್ದರ ಫಲ ಇದು. ನಾನು ಗುಮಾಸ್ತನಾಗಿ ಸೇರುವಾಗ ಅದು ವಿಲೇಜ್ ಪಂಚಾಯತು, ಆಮೇಲೆ ಮಂಡಲ ಪಂಚಾಯತು, ಕೊನೆಗೆ ಗ್ರಾಮ ಪಂಚಾಯತು. ಬೋರ್ಡು ಎರಡು ಸಲ ಬದಲಾಯಿತು. ನಾನು ಕುಳಿತ ಕುರ್ಚಿ ಮಾತ್ರ ಬದಲಾಗಲಿಲ್ಲ. ನಿವೃತ್ತನಾದ ಮೇಲೂ ಯಾವ ಊರಿಗೆ ಹೋದರೂ ನೋಟೀಸು ಬೋರ್ಡಿನ ಮುಂದೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

2025ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಮಗಳ ಮನೆಗೆ ಹೋದಾಗಲೂ ಇದೇ ಆಯಿತು. ಮಗಳು, ಅಳಿಯ ಇರುವುದು ನಾರ್ವಿಚ್‌ನಲ್ಲಿ. ನಕ್ಷೆಯಲ್ಲಿ ಇಂಗ್ಲೆಂಡಿನ ಪೂರ್ವದ ಹೊಟ್ಟೆ ಎಲ್ಲಿ ಉಬ್ಬಿದೆಯೋ ಅಲ್ಲಿ ನಾರ್ಫೋಕ್ ಎಂಬ ಸೀಮೆ, ಅದರ ನಡುವೆ ನಾರ್ವಿಚ್. ಅಲ್ಲಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಕ್ರೋಮರ್ ಎಂಬ ಕಡಲ ಊರು. "ಅಪ್ಪ ಕಡಲ ಕರೆಯವರು, ಕಡಲು ನೋಡದಿದ್ದರೆ ಉಸಿರು ಕಟ್ಟುತ್ತದೆ" ಎಂದು ಮಗಳು ಮೊದಲ ಭಾನುವಾರವೇ ಕರೆದುಕೊಂಡು ಹೋದಳು. ಎಲ್ಲರೂ 1901ರಲ್ಲಿ ಕಟ್ಟಿದ ಅಲ್ಲಿನ ಪಿಯರಿನ ಮೇಲೆ, ಅಂದರೆ ಕಡಲೊಳಕ್ಕೆ ಚಾಚಿದ ಹಲಗೆಯ ಸೇತುವೆಯ ಮೇಲೆ, ಗಾಳಿ ಸೇವಿಸುತ್ತ ಅಡ್ಡಾಡಿದರು. ಕ್ರೋಮರಿನ ಏಡಿ ಹೆಸರುವಾಸಿ, ಅದನ್ನೂ ತಿಂದೆವು. ಬೇಯಿಸಿ, ತಣ್ಣಗೆ ಮಾಡಿ, ಅದರ ಚಿಪ್ಪಿನಲ್ಲೇ ತುಂಬಿ ಕೊಡುತ್ತಾರೆ. ಮೆಣಸಿಲ್ಲ, ಕೊತ್ತಂಬರಿಯಿಲ್ಲ, ತೆಂಗಿನಕಾಯಿಯ ಮಾತೇ ಇಲ್ಲ. ನಮ್ಮ ಡೆಂಜಿ ಸುಕ್ಕ ತಿಂದು ಬೆಳೆದ ನಾಲಿಗೆ ಸ್ವಲ್ಪ ಹೊತ್ತು ಮೌನ ಆಚರಿಸಿತು. ಆಮೇಲೆ ನಾನು ಮೆಲ್ಲಗೆ, "ಇಲ್ಲಿನ ಆಫೀಸು ಎಲ್ಲಿ?" ಎಂದೆ. ಮಗಳು ನಕ್ಕಳು. ಅವಳಿಗೆ ಈ ರೋಗ ಹಳೆಯದು.

ಆಫೀಸು ಹೋಲ್ಟ್ ರಸ್ತೆಯಲ್ಲಿದೆ. ಭಾನುವಾರ ಬಾಗಿಲು ಹಾಕಿತ್ತು. ಆದರೂ ಹೊರಗಿನಿಂದ ನೋಡಿ, ಮನೆಗೆ ಬಂದು ಅವಳ ಕಂಪ್ಯೂಟರಿನಲ್ಲಿ ಓದಿ, ಆ ಊರಿನವರ ಬಾಯಲ್ಲೂ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಅಲ್ಲಿಯೂ ನಮ್ಮ ಹಾಗೆ ಮೂರು ಮೆಟ್ಟಿಲು: ಪ್ಯಾರಿಷ್, ಡಿಸ್ಟ್ರಿಕ್ಟ್, ಕೌಂಟಿ. ಹೆಸರು ಕೇಳಿ ಮೋಸಹೋಗಬಾರದು. ಅಲ್ಲಿನ ಡಿಸ್ಟ್ರಿಕ್ಟ್ ಎಂದರೆ ಗಾತ್ರದಲ್ಲಿ ನಮ್ಮ ತಾಲೂಕು. ನಮ್ಮ ಜಿಲ್ಲೆಗೆ ಸಮಾನವಾದದ್ದು ಕೌಂಟಿ. ನಾರ್ಫೋಕ್ ಕೌಂಟಿಯೊಳಗೆ ಇಂಥ ಏಳು ಡಿಸ್ಟ್ರಿಕ್ಟುಗಳು. ಕ್ರೋಮರ್ ಇರುವುದು ನಾರ್ತ್ ನಾರ್ಫೋಕ್‌ನಲ್ಲಿ. 1972ರ ಕಾಯ್ದೆಯ ಪ್ರಕಾರ 1974ರ ಏಪ್ರಿಲ್ 1ರಂದು ಇದು ಹುಟ್ಟಿತು. ಕ್ರೋಮರ್, ಶೆರಿಂಗ್‌ಹ್ಯಾಮ್, ನಾರ್ತ್ ವಾಲ್ಶಮ್, ವೆಲ್ಸ್ ಎಂಬ ನಾಲ್ಕು ಪೇಟೆ ಸಭೆಗಳನ್ನೂ ಅರ್ಪಿಂಗ್‌ಹ್ಯಾಮ್, ಸ್ಮಾಲ್‌ಬರೊ, ವಾಲ್ಸಿಂಗ್‌ಹ್ಯಾಮ್ ಎಂಬ ಮೂರು ಹಳ್ಳಿ ಸಭೆಗಳನ್ನೂ ಕೂಡಿಸಿ ಒಂದು ಮಾಡಿದರು. 2019ರ ಚುನಾವಣೆಯಿಂದ ಸದಸ್ಯರು 40 ಮಂದಿ. 2021ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 1 ಲಕ್ಷದ 3 ಸಾವಿರ. ಅದರಲ್ಲಿ ಮೂವರಲ್ಲಿ ಒಬ್ಬರಿಗೆ 65 ದಾಟಿದೆ. ಇಂಗ್ಲೆಂಡಿನಲ್ಲೇ ಇಷ್ಟು ವಯಸ್ಸಾದ ಜನರಿರುವ ಬೇರೆ ಡಿಸ್ಟ್ರಿಕ್ಟ್ ಆ ಗಣತಿಯಲ್ಲಿ ಇರಲಿಲ್ಲ. ದುಡಿದು ದಣಿದವರು ಕೊನೆಗಾಲ ಕಡಲ ಬದಿಯಲ್ಲಿ ಕಳೆಯೋಣ ಎಂದು ಮನೆ ಕೊಂಡು ಬರುತ್ತಾರೆ. ಮುಂದಿನ ಕತೆಗೆ ಈ ಮಾತು ನೆನಪಿರಲಿ.

ರಸ್ತೆ, ಶಾಲೆ, ಗ್ರಂಥಾಲಯ ಕೌಂಟಿಯವರದು. ಕಸ, ವಸತಿ, ಮನೆ ಕಟ್ಟಲು ಪರವಾನಿಗೆ ಡಿಸ್ಟ್ರಿಕ್ಟಿನವರದು. ಮನೆ ತೆರಿಗೆಯ ಬಿಲ್ಲು ಕಳಿಸುವವರು, ವಸೂಲಿ ಮಾಡಿ ಬೈಸಿಕೊಳ್ಳುವವರು ಡಿಸ್ಟ್ರಿಕ್ಟಿನವರು; ವಸೂಲಾದ ಹಣದ ದೊಡ್ಡ ಪಾಲು ಹೋಗುವುದು ಕೌಂಟಿಗೆ. ಇದನ್ನು ಓದಿದಾಗ ನನಗೆ ಆ ಕಾಣದ ಗುಮಾಸ್ತರ ಮೇಲೆ ಅಣ್ಣತಮ್ಮಂದಿರ ಪ್ರೀತಿ ಹುಟ್ಟಿತು.

ಆ ಸೀಮೆಯ ಇನ್ನೊಂದು ಸೊಗಸು ಊರ ಹೆಸರುಗಳದ್ದು. ಬೋರ್ಡಿನಲ್ಲಿ ಹ್ಯಾಪಿಸ್‌ಬರ್ಗ್ ಎಂದು ಓದುವಂತೆ ಬರೆದಿರುತ್ತದೆ, ಜನ ಹೇಸ್‌ಬರೊ ಎನ್ನುತ್ತಾರೆ. ಹಾಗೆ ಹೇಳದವನು ಹೊರಗಿನವನು ಎಂದು ಕೂಡಲೇ ಗೊತ್ತಾಗುತ್ತದೆ. ಅಳಿಯನಿಗೆ ಇದು ದೊಡ್ಡ ತಮಾಷೆ. ನನಗೆ ಅಷ್ಟೇನೂ ವಿಚಿತ್ರವೆನಿಸಲಿಲ್ಲ. ಬಸ್ಸಿನ ಬೋರ್ಡಿನಲ್ಲಿ ಮಂಗಳೂರು, ಬಾಯಲ್ಲಿ ಕುಡ್ಲ; ಬೋರ್ಡಿನಲ್ಲಿ ಉಡುಪಿ, ಬಾಯಲ್ಲಿ ಒಡಿಪು. ಕಾಗದದ ಊರು ಒಂದು, ಬಾಯಿಯ ಊರು ಇನ್ನೊಂದು. ಎರಡರ ನಡುವೆ ಬದುಕಿದವನು ನಾನು.

ಈಗ ಕಡಲಿನ ಮಾತು. ಈ ಡಿಸ್ಟ್ರಿಕ್ಟಿಗೆ ನಲವತ್ತು ಮೈಲಿಗೂ ಮಿಕ್ಕಿ ಕರಾವಳಿಯಿದೆ. ಪಶ್ಚಿಮದ ಕಡೆ ವೆಲ್ಸ್, ಬ್ಲೇಕ್ನಿ, ಕ್ಲೈ ಊರುಗಳ ಮುಂದೆ ಉಪ್ಪು ನೀರಿನ ಜೌಗು, ಅದರಾಚೆ ಮರಳು ಮತ್ತು ನುಣುಪು ಕಲ್ಲುಗಳ ದಿಬ್ಬ, ದಿಬ್ಬದ ಮೇಲೆ ಬಿಸಿಲು ಕಾಯಿಸುವ ಸೀಲುಗಳು. ಪೂರ್ವಕ್ಕೆ ಬಂದಂತೆ ಕಡಲಿಗೆ ಮುಖ ಮಾಡಿದ ದರೆಗಳು ಏಳುತ್ತವೆ. ನಮ್ಮ ಮುರಕಲ್ಲಿನ ದರೆಯ ಹಾಗೆ ಗಟ್ಟಿಯಲ್ಲ. ನಾಲ್ಕೂವರೆ ಲಕ್ಷ ವರ್ಷಗಳ ಹಿಂದಿನ ಹಿಮಯುಗದಲ್ಲಿ ಹಿಮದ ರಾಶಿ ದೂಡಿಕೊಂಡು ಬಂದು ಬಿಟ್ಟುಹೋದ ಮರಳು, ಜೇಡಿ, ಕಲ್ಲುಪುಡಿಯ ಗುಡ್ಡೆ. ಕೆಳಗಿನಿಂದ ಅಲೆ ಕೊರೆಯುತ್ತದೆ, ಮೇಲಿನಿಂದ ಮಳೆನೀರು ಇಂಗಿ ಜೇಡಿಯನ್ನು ಜಾರಿಸುತ್ತದೆ. ದರೆ ಕುಸಿಯುತ್ತದೆ.

ಕುಸಿದ ಮಣ್ಣು ವ್ಯರ್ಥವಾಗುವುದಿಲ್ಲ ಎಂಬುದೇ ಇಲ್ಲಿನ ಕಷ್ಟ. ಜೇಡಿ ನೀರಲ್ಲಿ ಕರಗಿ ಹೋದರೂ ಮರಳು ಉಳಿಯುತ್ತದೆ, ಅಲೆಯ ಜೊತೆ ದಡದುದ್ದಕ್ಕೂ ಸಾಗುತ್ತದೆ. ಕ್ರೋಮರಿನಿಂದ ಪೂರ್ವದ ದರೆಗಳ ಮರಳು ಆಗ್ನೇಯಕ್ಕೆ ಹೋಗಿ ಅಲ್ಲಿನ ತಗ್ಗು ಊರುಗಳ ಮುಂದೆ ದಡವಾಗುತ್ತದೆ. ದಡ ಅಗಲವಿದ್ದರೆ ಅಲೆಯ ಹೊಡೆತ ತಗ್ಗುತ್ತದೆ. ಅಂದರೆ ಮೇಲಿನ ಊರಿನ ದರೆಯೇ ಕೆಳಗಿನ ಊರಿನ ಗೋಡೆ. ಮೇಲಿನವರು ಕಲ್ಲು ಹಾಕಿ ತಮ್ಮ ದರೆಯನ್ನು ಭದ್ರ ಮಾಡಿಕೊಂಡರೆ ಕೆಳಗಿನವರಿಗೆ ಮರಳಿಲ್ಲ. ಒಬ್ಬನ ಗದ್ದೆಗೆ ಕಟ್ಟ ಕಟ್ಟಿದರೆ ಕೆಳಗಿನವನ ಗದ್ದೆಗೆ ನೀರಿಲ್ಲದ ಹಾಗೆ. ಈ ವ್ಯಾಜ್ಯವನ್ನು ನಾನು ಎಷ್ಟು ಸಲ ಕೇಳಿಲ್ಲ!

ಕಡಲು ಅಲ್ಲಿ ಊರೂರನ್ನೇ ನುಂಗಿದೆ. ಕ್ರೋಮರಿನ ಮುಂದೆ ನೀರಿನಡಿಯಲ್ಲಿ ಶಿಪ್ಡನ್ ಎಂಬ ಹಳೆಯ ಊರು. 1888ರಲ್ಲಿ ವಿಕ್ಟೋರಿಯಾ ಎಂಬ ಸಣ್ಣ ಹಡಗು ಡಿಕ್ಕಿ ಹೊಡೆದದ್ದು 'ಚರ್ಚಿನ ಬಂಡೆ' ಎಂದು ಜನ ಕರೆಯುವ ಜಾಗಕ್ಕೆ. ಎಕಲ್ಸ್ ಎಂಬಲ್ಲಿ ಚರ್ಚಿನ ಗೋಪುರವೊಂದೇ ಎಷ್ಟೋ ಕಾಲ ಮರಳದಡದಲ್ಲಿ ನಿಂತಿತ್ತು. 1895ರ ಜನವರಿಯಲ್ಲಿ ಅದೂ ಬಿತ್ತು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 307 ಜನ ಸತ್ತರು. ಈ ಡಿಸ್ಟ್ರಿಕ್ಟಿನ ಸೀ ಪಾಲಿಂಗ್ ಎಂಬ ಒಂದು ಹಳ್ಳಿಯಲ್ಲೇ ಏಳು ಮಂದಿ. 1990ರ ದಶಕದಲ್ಲಿ ಅದೇ ಊರಿನ ಮುಂದೆ ಕಡಲೊಳಗೆ ಒಂಬತ್ತು ಕಲ್ಲಿನ ದಿಬ್ಬಗಳನ್ನು ಹಾಕಿದರು. ಅದನ್ನು ನೋಡಿದಾಗ ನನಗೆ ನಮ್ಮ ಉಳ್ಳಾಲದ ನೆನಪಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಅಲ್ಲಿಯೂ ನೀರಿನೊಳಗೆ ಇಂಥದೇ ದಿಬ್ಬ ಕಟ್ಟಿದ್ದಾರೆ.

ಇನ್ನು ಕಾನೂನು. ನೀರು ಉಕ್ಕಿ ತಗ್ಗಿನ ಊರಿಗೆ ನುಗ್ಗಿದರೆ ಅದು ಪರಿಸರ ಏಜೆನ್ಸಿ ಎಂಬ ಕೇಂದ್ರದ ಕಚೇರಿಗೆ ಸೇರಿದ್ದು. ದರೆ ಕೊರೆದು ಮನೆ ಬಿದ್ದರೆ ಅದು ಡಿಸ್ಟ್ರಿಕ್ಟಿಗೆ ಸೇರಿದ್ದು. ಒಂದೇ ಕಡಲು, ಎರಡು ಫೈಲು. ಡಿಸ್ಟ್ರಿಕ್ಟಿಗೆ ಈ ಅಧಿಕಾರ ಕೊಟ್ಟದ್ದು 1949ರ ಕರಾವಳಿ ರಕ್ಷಣೆ ಕಾಯ್ದೆ. ಓದುಗರಲ್ಲಿ ಸರಕಾರಿ ಕೆಲಸ ಮಾಡಿದವರಿದ್ದರೆ ಅವರಿಗೆ ಈ ಸೂಕ್ಷ್ಮ ಥಟ್ಟನೆ ತಿಳಿಯುತ್ತದೆ: ಕಾಯ್ದೆಯಲ್ಲಿ ಇರುವುದು 'ರಕ್ಷಿಸಬಹುದು' ಎಂದು, 'ರಕ್ಷಿಸತಕ್ಕದ್ದು' ಎಂದಲ್ಲ. ಮಾಡಿದರೆ ತಪ್ಪಿಲ್ಲ, ಮಾಡದಿದ್ದರೂ ತಪ್ಪಿಲ್ಲ. ಕಡಲ್ಕೊರೆತದಲ್ಲಿ ಮನೆ ಹೋದವನಿಗೆ ಪರಿಹಾರ ಕೊಡಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ ಇಲ್ಲ. ಅಂಥ ಶ್ರೀಮಂತ ದೇಶದಲ್ಲಿ ಇಲ್ಲ ಎಂದರೆ ನಾನು ಮೊದಲು ನಂಬಲಿಲ್ಲ.

ಹಣ ಬರಬೇಕಾದ್ದು ಲಂಡನ್ನಿನಿಂದ. ಅವರು ಲೆಕ್ಕ ಕೇಳುತ್ತಾರೆ: ಎಷ್ಟು ಮನೆ ಉಳಿಯುತ್ತದೆ, ಎಷ್ಟು ಖರ್ಚು? ಅದಕ್ಕಾಗಿ ಕರಾವಳಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ನೂರು ವರ್ಷದ ಹಣೆಬರಹ ಬರೆದಿಟ್ಟ ಯೋಜನೆಯೊಂದಿದೆ. ಗೆರೆಯನ್ನು ಹಿಡಿದು ನಿಲ್ಲುವುದು, ಗೆರೆಯನ್ನು ಮುಂದೆ ತಳ್ಳುವುದು, ಯೋಚಿಸಿ ಹಿಂದೆ ಸರಿಯುವುದು, ಏನೂ ಮಾಡದಿರುವುದು - ನಾಲ್ಕೇ ದಾರಿ. ಕ್ರೋಮರ್ ಪೇಟೆಯ ಮುಂದೆ ಗೆರೆ ಹಿಡಿಯುತ್ತಾರೆ. ಬ್ಯಾಕ್ಟನ್ನಿನ ದರೆಯ ಮೇಲೆ ದೇಶದ ಅನಿಲದ ದೊಡ್ಡ ಪಾಲು ಬಂದು ಸೇರುವ ಸ್ಥಾವರವಿದೆ. ಅದರ ಮುಂದೆ 2019ರಲ್ಲಿ 18 ಲಕ್ಷ ಘನ ಮೀಟರ್ ಮರಳು ತಂದು ಸುರಿದರು. ಪಕ್ಕದ ಹಳ್ಳಿಗಳಿಗೂ ಅದರ ಆಸರೆ ಸಿಕ್ಕಿತು. ದೊಡ್ಡ ಮನೆಯ ಜಗಲಿಯಲ್ಲಿ ಬಡವರಿಗೂ ನೆರಳು ಸಿಕ್ಕ ಹಾಗೆ. ಅದೇ ದಡದಲ್ಲಿ ಕೆಲವೇ ಮೈಲಿ ಆಚೆಗಿರುವ ಹೇಸ್‌ಬರೊದಲ್ಲಿ ಅನಿಲವಿಲ್ಲ. ಅಲ್ಲಿ ಇರುವುದು ಒಂದು ಚರ್ಚು, ಕೆಂಪು ಬಿಳಿ ಪಟ್ಟೆಯ ಹಳೆಯ ದೀಪಸ್ತಂಭ, ಒಂದಷ್ಟು ಮನೆ.

ಆ ಹೇಸ್‌ಬರೊವನ್ನು ನೋಡಲೇಬೇಕೆಂದು ನಾನು ಹಟ ಹಿಡಿದೆ. ಅಳಿಯ ರಜೆ ಹಾಕಿ ಕರೆದುಕೊಂಡು ಹೋದ.

ಬೀಚ್ ರೋಡ್ ಎಂಬ ರಸ್ತೆ ಕಡಲ ಕಡೆಗೆ ಹೋಗುತ್ತದೆ ಮತ್ತು ಸುಮ್ಮನೆ ಮುಗಿದುಬಿಡುತ್ತದೆ. ಮುಂದೆ ಒಂದು ಬೇಲಿ, ಬೇಲಿಯಾಚೆ ಗಾಳಿ. 1950ರ ದಶಕದ ಕೊನೆಯಲ್ಲಿ ದರೆಯ ಬುಡಕ್ಕೆ ಮರದ ಅಡ್ಡಗಟ್ಟೆ ಹಾಕಿದ್ದರಂತೆ. 1990ರ ದಶಕದ ಆರಂಭದ ಬಿರುಗಾಳಿಗೆ ಅದರ ಒಂದು ಭಾಗ ಹೋಯಿತು, ತಿರುಗಿ ಕಟ್ಟಲಿಲ್ಲ. ಆಮೇಲೆ ಮೂವತ್ತಕ್ಕೂ ಹೆಚ್ಚು ಮನೆಗಳು ಹೋದವು. ಜನ ಹೋರಾಡಿದರು, ಚಂದಾ ಎತ್ತಿ ಬಂಡೆ ಕೊಂಡು ಹಾಕಿಸಿದರು. ಬಂಡೆಗಳು ಈಗಲೂ ಕೆಳಗೆ ಇವೆ. ದರೆ ಅವುಗಳನ್ನು ಬಿಟ್ಟು ಹಿಂದೆ ಸರಿದಿದೆ.

ಅದೇ ದಡದಲ್ಲಿ 2013ರ ಮೇ ತಿಂಗಳಲ್ಲಿ ಅಲೆಗಳು ಮರಳನ್ನು ತೊಳೆದಾಗ ಕೆಳಗಿನ ಹಳೆಯ ಕೆಸರಿನ ಪದರದಲ್ಲಿ ಮನುಷ್ಯರ ಹೆಜ್ಜೆಗಳು ಕಂಡವು. ಎಂಟೂವರೆ ಲಕ್ಷ ವರ್ಷಕ್ಕೂ ಹಿಂದಿನವು. ಆಫ್ರಿಕದ ಹೊರಗೆ ಅಷ್ಟು ಹಳೆಯ ಹೆಜ್ಜೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ದೊಡ್ಡವರದೂ ಇತ್ತು, ಮಕ್ಕಳದೂ ಇತ್ತು. ವಿದ್ವಾಂಸರು ಓಡಿ ಬಂದು ಚಿತ್ರ ತೆಗೆದುಕೊಂಡರು. ಎರಡು ವಾರದೊಳಗೆ ಅಲೆಯೇ ಅವನ್ನು ಅಳಿಸಿತು. ಮನೆ ನುಂಗಿದ ಕಡಲೇ ತೋರಿಸಿತು, ತೋರಿಸಿ ತಾನೇ ಒರೆಸಿತು.

ಬೇಲಿಯ ಹತ್ತಿರ ನಾಯಿ ಹಿಡಿದುಕೊಂಡ ಮುದುಕರೊಬ್ಬರು ಮಾತಿಗೆ ಸಿಕ್ಕಿದರು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. "ನಾವು ಮನೆ ಕೊಂಡಾಗ ಕಡಲು ನೋಡಲು ನಡೆದುಕೊಂಡು ಹೋಗುತ್ತಿದ್ದೆವು. ಈಗ ಅದೇ ನಮ್ಮನ್ನು ನೋಡಲು ಬರುತ್ತಿದೆ" ಎಂದರು. ನಾನು ಪಂಚಾಯತಿನವನು ಎಂದು ತಿಳಿದ ಮೇಲೆ ಸ್ವಲ್ಪ ಬಿಚ್ಚಿ ಮಾತಾಡಿದರು. ಕೌನ್ಸಿಲಿನವರು ಏನೂ ಮಾಡಲಿಲ್ಲವೇ ಎಂದು ಕೇಳಿದೆ. ಬೈಗುಳವನ್ನು ನಿರೀಕ್ಷಿಸಿದ್ದೆ. ಅವರು ಒಂದು ಖಾಲಿ ಹುಲ್ಲುಜಾಗವನ್ನು ತೋರಿಸಿ, "ಅಲ್ಲಿ ಮನೆಗಳಿದ್ದವು. ಒಂಬತ್ತನ್ನು ಅವರೇ ಕೊಂಡು ಕೆಡವಿದರು. ಅದಕ್ಕಿಂತ ಮೊದಲು ಹೋದವರಿಗೆ ಏನೂ ಇಲ್ಲ" ಎಂದರು. ಹೊಗಳಿಕೆಯೂ ಅಲ್ಲ, ದೂರೂ ಅಲ್ಲ.

ಈ ಒಂಬತ್ತು ಮನೆಗಳ ಸಂಗತಿಯನ್ನು ಬಿಡಿಸಿ ಹೇಳಬೇಕು. 2009ರಲ್ಲಿ ಕೇಂದ್ರ ಸರಕಾರ ಒಂದು ಪ್ರಯೋಗಕ್ಕೆಂದು ಈ ಡಿಸ್ಟ್ರಿಕ್ಟಿಗೆ 30 ಲಕ್ಷ ಪೌಂಡು ಕೊಟ್ಟಿತು. ಗೋಡೆ ಕಟ್ಟಲು ಅಲ್ಲ. ಗೋಡೆ ಕಟ್ಟದಿದ್ದರೆ ಜನ ಹೇಗೆ ಬದುಕಬಹುದು ಎಂದು ನೋಡಲು. ಕೌನ್ಸಿಲು ಬೀಚ್ ರೋಡಿನ ಒಂಬತ್ತು ಮನೆಗಳನ್ನು, ಕಡಲಿನ ಭಯವಿಲ್ಲದಿದ್ದರೆ ಬಾಳುತ್ತಿದ್ದ ಬೆಲೆಯ ಅರ್ಧದ ಆಸುಪಾಸಿಗೆ ಕೊಂಡಿತು. ಕೊಂಡು ಕೆಡವಿತು. ಆದರೆ ಅವುಗಳ ಬದಲಿಗೆ ಒಳಗಿನ ಜಾಗದಲ್ಲಿ ಒಂಬತ್ತು ಮನೆ ಕಟ್ಟುವ ಪರವಾನಿಗೆಯನ್ನು ಉಳಿಸಿಕೊಂಡಿತು. ಇದಕ್ಕೆ ಆಧಾರ 2008ರ ಅವರದೇ ಅಭಿವೃದ್ಧಿ ಯೋಜನೆ: ಕಡಲಿಗೆ ಹೋಗಲಿರುವ ಮನೆಯ ಬದಲಿಗೆ, ಸಾಧಾರಣವಾಗಿ ಮನೆ ಕಟ್ಟಲು ಬಿಡದ ಹೊಲದ ಜಾಗದಲ್ಲೂ ಇನ್ನೊಂದು ಮನೆಗೆ ಅನುಮತಿ ಕೊಡಬಹುದು. ಆ ದೇಶದಲ್ಲಿ ಇಟ್ಟಿಗೆಗಿಂತ ಪರವಾನಿಗೆಗೆ ಬೆಲೆ. ಅಂದರೆ ಮನೆ ಹೋದರೂ ಮನೆಯ ಹಕ್ಕು ಹೋಗಲಿಲ್ಲ. ಅದು ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಿತು.

ಇದು ಅರ್ಥವಾದಾಗ ನಾನು ಬೇಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಅಳಿಯ ಚಳಿಯಾಯಿತೇ ಎಂದು ಕೇಳಿದ. ಹೌದು ಎಂದೆ. ನಿಜವಾದ ಕಾರಣ ಬೇರೆ.

1996ರ ಮಳೆಗಾಲ. ನಾನು ಕೆಲಸ ಮಾಡುತ್ತಿದ್ದ ಊರಿನ ಹೆಸರು ಬೇಡ. ಕಡಲ ಕರೆಯಲ್ಲಿ ಆ ವರ್ಷ ನಾಲ್ಕು ಮನೆ ಹೋಗಿತ್ತು. ಆಟಿ ತಿಂಗಳು ಕಳೆದ ಮೇಲೆ, ಮೀನು ಮಾರುವ ಒಬ್ಬಾಕೆ ಬುಟ್ಟಿಯನ್ನು ಹೊರಗಿಟ್ಟು ಆಫೀಸಿನೊಳಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಮನೆ ತೆರಿಗೆಯ ಹಣ ಮೇಜಿನ ಮೇಲಿಟ್ಟಳು. ನಾನು ರಿಜಿಸ್ಟರು ತೆಗೆದು ನೋಡಿ, "ಅಕ್ಕ, ನಿಮ್ಮ ಮನೆ ಕಡಲಿಗೆ ಹೋಗಿದೆಯಲ್ಲ, ಇನ್ನು ತೆರಿಗೆ ಕಟ್ಟಬೇಕೆಂದಿಲ್ಲ" ಎಂದೆ. ಉಪಕಾರ ಮಾಡಿದೆ ಎಂದೇ ನನ್ನ ಭಾವನೆ. ಆಕೆ ಹಣ ತೆಗೆಯಲಿಲ್ಲ. "ಮನೆ ಹೋಯಿತು, ಸರಿ. ನಂಬ್ರ ಇರಲಿ ಮಾರಾಯರೇ" ಎಂದಳು.

ಇಲ್ಲದ ಮನೆಗೆ ತೆರಿಗೆ ಹೇಗೆ ತೆಗೆದುಕೊಳ್ಳುವುದು? ಆಡಿಟಿನವರು ಬಿಡುತ್ತಾರೆಯೇ? ಮನೆಯೂ ಇಲ್ಲ, ಮನೆ ಇದ್ದ ನೆಲವೂ ಇಲ್ಲ, ಸರ್ವೆ ನಂಬ್ರವೇ ನೀರಿನಲ್ಲಿ. ನಾನು ನಿಯಮ ವಿವರಿಸಿದೆ. ಆಕೆ ಇನ್ನೊಮ್ಮೆ ಅದೇ ಮಾತು ಹೇಳಿದಳು. ಆಮೇಲೆ ಹಣ ತಿರುಗಿ ಸೆರಗಿಗೆ ಕಟ್ಟಿಕೊಂಡು ಹೋದಳು. ನಾನು ಕೆಂಪು ಶಾಯಿಯಲ್ಲಿ ಆ ಸಾಲಿಗೆ ಗೆರೆ ಎಳೆದು ಪಕ್ಕದಲ್ಲಿ 'ರದ್ದು' ಎಂದು ಬರೆದೆ, ತಾರೀಕು ಹಾಕಿ ಚಿಕ್ಕ ರುಜು ಮಾಡಿದೆ.

ನನ್ನ ಕೆಲಸದಲ್ಲಿ ಲಂಚ ಮುಟ್ಟಿಲ್ಲ, ಸುಳ್ಳು ಬರೆದಿಲ್ಲ. ಆಡಿಟಿನವರು ಒಮ್ಮೆಯೂ ನನ್ನ ಮೇಲೆ ಬೆರಳು ತೋರಿಸಲಿಲ್ಲ. ಆದರೂ ರಾತ್ರಿ ನಿದ್ದೆ ಬಾರದಿದ್ದರೆ ಕಣ್ಣ ಮುಂದೆ ಬರುವುದು ಆ ಕೆಂಪು ಗೆರೆ. ಆಕೆ ಕೇಳಿದ್ದು ಹಣವಲ್ಲ, ಮನೆಯಲ್ಲ. ತಾನು ಈ ಊರಿನವಳು, ತನಗೊಂದು ಮನೆ ಇತ್ತು, ಮುಂದೆ ಎಲ್ಲಾದರೂ ಜಾಗ ಕೊಟ್ಟರೆ ಕೇಳಲು ಒಂದು ಹಿಡಿಕೆ ಬೇಕು - ಇಷ್ಟೇ. ಕಡಲನ್ನು ನಿಲ್ಲಿಸುವುದು ನನ್ನಿಂದ ಆಗುತ್ತಿರಲಿಲ್ಲ. ನಂಬ್ರ ಉಳಿಸುವುದು ಆಗುತ್ತಿತ್ತು. ಗೆರೆ ಎಳೆಯುವ ಬದಲು ಷರಾ ಕಾಲಮಿನಲ್ಲಿ 'ಕಡಲ್ಕೊರೆತದಿಂದ ಮನೆ ನಷ್ಟ, ಬದಲಿ ನಿವೇಶನಕ್ಕೆ ಅರ್ಹರು' ಎಂದು ಬರೆದು ಮೇಲಕ್ಕೆ ಕಳಿಸಬಹುದಿತ್ತು. ಮೇಲಿನವರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ. ನಾನು ಬರೆಯಲಿಲ್ಲ. ನಿಯಮದಲ್ಲಿ 'ಬರೆಯತಕ್ಕದ್ದು' ಎಂದು ಇರಲಿಲ್ಲ, ಬರೆಯಬಹುದಾಗಿತ್ತು ಅಷ್ಟೆ.

ಇಷ್ಟು ಹೇಳಿದ್ದರಿಂದ ಇಂಗ್ಲೆಂಡಿನವರು ದೇವತೆಗಳು, ನಾವು ಪಾಪಿಗಳು ಎಂದು ಯಾರೂ ತಿಳಿಯಬಾರದು. ಮೂವತ್ತಕ್ಕೂ ಮಿಕ್ಕಿ ಹೋದ ಮನೆಗಳ ಎದುರಿಗೆ ಒಂಬತ್ತು ಏನು ದೊಡ್ಡದು? ಆ ಮುದುಕರು ಹೇಳಿದ ಹಾಗೆ, ಮೊದಲು ಹೋದವರಿಗೆ ಏನೂ ಇಲ್ಲ. ಪ್ರಯೋಗ ಮುಗಿದ ಮೇಲೆ ಹಣವೂ ಮುಗಿಯಿತು. ಹತ್ತು ವರ್ಷ ಕಳೆದು 2022ರಲ್ಲಿ ಮತ್ತೆ ಈ ಡಿಸ್ಟ್ರಿಕ್ಟಿಗೂ ಉತ್ತರದ ಈಸ್ಟ್ ರೈಡಿಂಗ್‌ಗೂ ಕೂಡಿ 3 ಕೋಟಿ 60 ಲಕ್ಷ ಪೌಂಡು ಎಂದು ಘೋಷಣೆಯಾಯಿತು. ಇದೂ ಗೋಡೆಗಲ್ಲ, ಜನರನ್ನು ಹಿಂದೆ ಸರಿಸುವ ಸಿದ್ಧತೆಗೆ. 'ಬಹುದು' ಇನ್ನೂ 'ತಕ್ಕದ್ದು' ಆಗಿಲ್ಲ.

ಇನ್ನೊಂದು ಸಂಗತಿಯಿದೆ. 2024ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರ ಒಂದು ಶ್ವೇತಪತ್ರ ಹೊರಡಿಸಿತು. ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಮೆಟ್ಟಿಲು ಬೇಡ, ಎರಡನ್ನೂ ತೆಗೆದು ಒಂದೇ ದೊಡ್ಡ ಸಭೆ ಮಾಡೋಣ ಎಂದು. ನಾನು ಅಲ್ಲಿದ್ದಾಗ ನಾರ್ಫೋಕನ್ನು ಒಂದು ಮಾಡಬೇಕೋ, ಎರಡೋ, ಮೂರೋ ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆದಿತ್ತು. ಹೇಗಾದರೂ 1974ರಲ್ಲಿ ಏಳನ್ನು ಸೇರಿಸಿ ಮಾಡಿದ್ದು ಉಳಿಯುವುದಿಲ್ಲ. ದೊಡ್ಡ ಸಭೆಯಾದರೆ ಖರ್ಚು ಉಳಿಯುತ್ತದೆ ಎನ್ನುತ್ತಾರೆ. ಇರಬಹುದು. ಬೋರ್ಡು ಬದಲಾಗುವುದನ್ನು ಎರಡು ಸಲ ನೋಡಿದ ನನಗೆ ಅದರ ಭಯವಿಲ್ಲ. ಭಯ ಇರುವುದು ಕಪಾಟಿನ ಬಗ್ಗೆ. ಆಫೀಸು ಬದಲಾಗುವಾಗ ಹಳೆಯ ರಿಜಿಸ್ಟರುಗಳು ಎಲ್ಲಿ ಹೋಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಬೀಚ್ ರೋಡಿನಲ್ಲಿ ಇನ್ನೂ ಉಳಿದ ಮನೆಗಳ ಹಕ್ಕು ಯಾವ ಪುಟದಲ್ಲಿದೆ ಎಂದು ತಿಳಿದ ಒಬ್ಬ ಗುಮಾಸ್ತ ಹೊಸ ಆಫೀಸಿನಲ್ಲೂ ಇರಬೇಕು. ಶ್ವೇತಪತ್ರದಲ್ಲಿ ಅವನ ಹೆಸರು ಬರುವುದಿಲ್ಲ.

ಹಿಂತಿರುಗಿ ಬಂದ ಮೇಲೆ ಒಂದು ದಿನ ಬಸ್ಸು ಹತ್ತಿ ಆ ಊರಿಗೆ ಹೋದೆ. ಪಂಚಾಯತಿಗೆ ಹೊಸ ಕಟ್ಟಡವಾಗಿದೆ, ಎಲ್ಲ ಕಂಪ್ಯೂಟರು. ನಾನು ಬರೆದ ರಿಜಿಸ್ಟರು ಎಲ್ಲಿದೆಯೆಂದು ಅಲ್ಲಿದ್ದ ಹುಡುಗಿಗೆ ಗೊತ್ತಿರಲಿಲ್ಲ, ಅವಳ ತಪ್ಪಲ್ಲ. ಆಕೆಯ ಮನೆಯವರನ್ನು ವಿಚಾರಿಸಿದೆ. ಆಕೆ ತೀರಿಹೋಗಿ ತುಂಬ ಕಾಲವಾಗಿದೆ. ಮೊಮ್ಮಗ ಪೇಟೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದಾನೆ, ಬೋಟಿನಲ್ಲಿ ಕೆಲಸ. ಹುಡುಕಿಕೊಂಡು ಹೋದೆ. ಯಾರು, ಏನು ಎಂದು ಹೇಳಿದೆ. ಕೂರಿಸಿ ಚಹಾ ಕೊಟ್ಟ. ಬಂದ ಕಾರಣವನ್ನು ಹೇಗೆ ಹೇಳುವುದೆಂದು ತಿಳಿಯದೆ, "ನಿಮ್ಮ ಹಳೆಯ ಮನೆಯ ನಂಬ್ರ ನನಗೆ ಇನ್ನೂ ನೆನಪಿದೆ" ಎಂದೆ.

"ಮೂರು ಬಾರ್ ನಲವತ್ತೇಳು" ಎಂದ ಅವನು. ನಾನು ಹೇಳುವ ಮೊದಲೇ.